ದಿನ ಎಣಿಸುವವರ ಸರೋವರ

ಪುಣೆಯಲ್ಲಿರುವ ಕನ್ನಡಿಗರಿಗೆ ಮಳೆಗಾಲದ ಶನಿವಾರ, ಭಾನುವಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ರಾಜಗಡವೋ ತೋರಣಾವೋ ಹತ್ತಿ, ಮೋಡದೊಳಗೆ ನಿಂತು ಫೋಟೋ ತೆಗೆಸಿಕೊಂಡು, ಇಳಿದು ಬಂದು ಮಿಸಳ್ ತಿಂದು, ಸೋಮವಾರದ ಸ್ಟೇಟಸ್ ಕಾಲ್‌ಗೆ ಹಾಜರಾಗುವುದು. ಹದಿನೈದು ವರ್ಷದಿಂದ ನಾನೂ ಆ ಗುಂಪಿನವನೇ. ಹಾಗಾಗಿ ಒಂದು ಪ್ರಾಜೆಕ್ಟಿನ ಕೆಲಸಕ್ಕೆಂದು ಮೆಕ್ಸಿಕೋದಲ್ಲಿ ಮೂರು ತಿಂಗಳು ಇರಬೇಕಾಗಿ ಬಂದಾಗ, ಉಳಿದಿದ್ದ ಒಂದು ವಾರದ ರಜೆಯಲ್ಲಿ ಪಕ್ಕದ ಗ್ವಾಟೆಮಾಲಾಕ್ಕೆ ಹೋಗಿ ಒಂದು ಜ್ವಾಲಾಮುಖಿ ಹತ್ತಿ ಬರೋಣ ಎಂದುಕೊಂಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹತ್ತಬೇಕಾದ ಬೆಟ್ಟಗಳ ಪಟ್ಟಿಯಲ್ಲಿ ಅದೂ ಒಂದು ಸಾಲು, ಅಷ್ಟೇ.

ಆ ಬೆಟ್ಟದ ಹೆಸರು ಚಿಕಬಾಲ್. ಎತ್ತರ ಸುಮಾರು 2,900 ಮೀಟರ್. ಅದರ ಬಾಯಿಯಲ್ಲಿ, 2,700 ಮೀಟರ್‌ಗಿಂತ ಸ್ವಲ್ಪ ಮೇಲೆ, ಒಂದು ದುಂಡನೆಯ ಸರೋವರವಿದೆ. ಸುತ್ತ ಮೋಡ ತುಂಬಿದ ದಟ್ಟ ಕಾಡು. ಗ್ವಾಟೆಮಾಲಾದ ಮಾಯಾ ಜನಾಂಗಗಳಲ್ಲಿ ಒಂದಾದ ಮಾಮ್ ಜನರಿಗೆ ಇದು ಪವಿತ್ರ ಜಾಗ. ಈಜುವಂತಿಲ್ಲ, ಗಲಾಟೆ ಮಾಡುವಂತಿಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಮಧ್ಯಾಹ್ನವಾಗುತ್ತಿದ್ದಂತೆ ಮೋಡ ಇಳಿದು ಸರೋವರವನ್ನು ಮುಚ್ಚಿಬಿಡುತ್ತದೆ. ಹೊರಡುವ ಮುನ್ನ ನನಗೆ ಗೊತ್ತಿದ್ದದ್ದು ಇಷ್ಟು.

ಮಾಯಾ ಎಂದರೆ ನನ್ನ ತಲೆಯಲ್ಲಿದ್ದದ್ದು ಇನ್ನೂ ಕಡಿಮೆ. 2012ರ ಡಿಸೆಂಬರ್ 21, ಶುಕ್ರವಾರ. ಅಂದು ನಮ್ಮದೊಂದು ರಿಲೀಸ್ ಇತ್ತು. ‘ಹೇಗಿದ್ದರೂ ಮಾಯಾ ಕ್ಯಾಲೆಂಡರಿನ ಪ್ರಕಾರ ಇವತ್ತು ಲೋಕವೇ ಮುಗಿಯುತ್ತದಂತೆ, ಟೆಸ್ಟಿಂಗ್ ಯಾಕೆ’ ಎಂದು ಟೀಮಿನವರೆಲ್ಲ ನಕ್ಕಿದ್ದೆವು. ಯಾವುದೋ ಕಾಲದಲ್ಲಿ ಕಾಡಿನಲ್ಲಿ ಪಿರಮಿಡ್ ಕಟ್ಟಿ, ಕ್ಯಾಲೆಂಡರ್ ಬರೆದಿಟ್ಟು, ಹೇಳದೆ ಕೇಳದೆ ಮಾಯವಾದ ಜನ ಎಂಬ ಕಲ್ಪನೆ ನನ್ನದು. ಹೆಸರಿನಲ್ಲೇ ‘ಮಾಯಾ’ ಇದೆಯಲ್ಲ!

ಮಾಯವಾಗದ ಆ ಜನರಲ್ಲಿ ಒಬ್ಬರ ಹಿಂದೆ ಎರಡು ಗಂಟೆ ಏದುಸಿರು ಬಿಡುತ್ತಾ ಬೆಟ್ಟ ಹತ್ತಿದ ಮೇಲೆ ಆ ಕಲ್ಪನೆ ಉಳಿಯಲಿಲ್ಲ.

*

ಚಿಕಬಾಲಿಗೆ ಹೋಗುವ ದಾರಿ ಕೆಟ್ಸಾಲ್ತೆನಾಂಗೋ ಎಂಬ ನಗರದಿಂದ ಶುರುವಾಗುತ್ತದೆ. ಅಲ್ಲಿ ಯಾರೂ ಅಷ್ಟುದ್ದದ ಹೆಸರು ಹೇಳುವುದಿಲ್ಲ, ‘ಶೇಲಾ’ ಎನ್ನುತ್ತಾರೆ. ಈ ಎರಡು ಹೆಸರಿನಲ್ಲೇ ಅರ್ಧ ಇತಿಹಾಸವಿದೆ. ಈ ಊರು ಮೊದಲು ಮಾಮ್ ಜನರದ್ದು. ಹದಿನೈದನೇ ಶತಮಾನದಲ್ಲಿ ಪಕ್ಕದ ಕಿಚೆ ರಾಜ್ಯದವರು (ಅವರೂ ಮಾಯಾಗಳೇ) ಇದನ್ನು ಗೆದ್ದುಕೊಂಡು ‘ಶೇಲಾಹುಹ್’ ಎಂದು ಕರೆದರು. ಅದರ ಮೊಟಕು ರೂಪವೇ ಶೇಲಾ. 1524ರಲ್ಲಿ ಪೆದ್ರೋ ದೆ ಅಲ್ವರಾದೋ ಎಂಬ ಸ್ಪ್ಯಾನಿಷ್ ಸೇನಾನಿ ಬಂದ. ಅವನ ಜೊತೆ ಮೆಕ್ಸಿಕೋದಿಂದ ನಾವಾಟ್ಲ್ ಭಾಷೆಯ ಸಾವಿರಾರು ಯೋಧರೂ ಬಂದರು. ದಾರಿಯಲ್ಲಿ ಸಿಕ್ಕ ಊರಿಗೆಲ್ಲ ಅವರು ತಮ್ಮ ಭಾಷೆಯ ಹೆಸರಿಟ್ಟರು. ಕೆಟ್ಸಾಲ್ತೆನಾಂಗೋ ಅವರು ಇಟ್ಟದ್ದು. ‘ಗ್ವಾಟೆಮಾಲಾ’ ಎಂಬ ದೇಶದ ಹೆಸರೂ ಹಾಗೆ ಬಂದದ್ದೇ. ನಕ್ಷೆಯಲ್ಲಿ ನಿಂತದ್ದು ಗೆದ್ದವರ ಕಡೆಯವರ ಹೆಸರು, ಬಸ್ಸಿನ ಕ್ಲೀನರ್ ಕೂಗುವುದು ಹಳೆಯ ಹೆಸರು.

ಆ ಬಸ್ಸುಗಳೋ, ಅಮೆರಿಕದಲ್ಲಿ ಮಕ್ಕಳನ್ನು ಹೊತ್ತು ಸವೆದ ಶಾಲಾ ವಾಹನಗಳು. ಇಲ್ಲಿಗೆ ತಂದು ಬಣ್ಣ ಬಳಿದು, ಮೇಲೊಂದು ಕ್ಯಾರಿಯರ್ ಕೂರಿಸಿ ಓಡಿಸುತ್ತಾರೆ. ಮಕ್ಕಳ ಅಳತೆಯ ಸೀಟಿನಲ್ಲಿ ಮೂವರು ದೊಡ್ಡವರು ಕೂರಬೇಕು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಗ್ರೀಕ್ ಕಂಬಗಳ ಒಂದು ಗುಡಿ ಇದೆ, ಮಿನರ್ವಾ ದೇವಿಯದು. ಮಾಯಾ ನಾಡಿನಲ್ಲಿ ರೋಮನ್ ದೇವತೆಗೇನು ಕೆಲಸ ಎಂದು ಅನ್ನಿಸಿತು. ಅದಕ್ಕೆ ಮತ್ತೆ ಬರುತ್ತೇನೆ.

ಬೆಟ್ಟದ ಬುಡದ ಹಳ್ಳಿಯ ಹೆಸರು ಸ್ಯಾನ್ ಮಾರ್ಟಿನ್ ಸಕಾತೆಪೇಕೆಸ್. ಮೊದಲ ಭಾಗ ಪಾದ್ರಿಗಳು ಕೊಟ್ಟ ಸಂತನ ಹೆಸರು, ಎರಡನೆಯದು ನಾವಾಟ್ಲಿನ ‘ಹುಲ್ಲುಗುಡ್ಡ’. ಹಳೆಯ ಕಾಗದಪತ್ರಗಳಲ್ಲಿ ಈ ಊರು ‘ಸ್ಯಾನ್ ಮಾರ್ಟಿನ್ ಚಿಲೆ ವೆರ್ದೆ’. ಚಿಲೆ ವೆರ್ದೆ ಎಂದರೆ ಹಸಿ ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಯ ನಾಡಿನಿಂದ ಬಂದವನಿಗೆ ಈ ಹೆಸರು ಹಿಡಿಸದೇ ಇರುತ್ತದೆಯೇ? ಮೆಣಸಿನಕಾಯಿ, ಮುಸುಕಿನ ಜೋಳ, ಸೀಬೆ, ಪರಂಗಿ ಎಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ನಮ್ಮಲ್ಲಿಗೆ ಬಂದವು. ‘ಪರಂಗಿ’ ಎಂಬ ಹೆಸರಿನಲ್ಲೇ ತಂದವರ ಗುರುತಿದೆ, ಬೆಳೆಸಿದವರ ಗುರುತಿಲ್ಲ.

ಊರಿನ ಹಿರಿಯ ಗಂಡಸರು ಇಂದಿಗೂ ಮೊಣಕಾಲಿನ ಕೆಳಗೆ ಇಳಿಯುವ ಬಿಳಿ ನಿಲುವಂಗಿ ತೊಡುತ್ತಾರೆ. ತೋಳಿನಲ್ಲಿ ಕೆಂಪು ಕಸೂತಿ, ಸೊಂಟಕ್ಕೆ ಅಗಲವಾದ ಕೆಂಪು ಪಟ್ಟಿ. ನನ್ನ ಗೈಡ್ ಮಾತ್ರ ಜೀನ್ಸ್ ತೊಟ್ಟಿದ್ದರು, ಐವತ್ತು ದಾಟಿದ ರೈತ. ಆಲೂಗಡ್ಡೆ ಹೊಲದ ನಡುವಿನ ಕಡಿದಾದ ಮಣ್ಣು ದಾರಿಯಲ್ಲಿ ಅವರು ಮಾತಾಡುತ್ತಾ ಹತ್ತಿದರು, ನಾನು ಉಸಿರಿಗೆ ಒದ್ದಾಡುತ್ತಾ ಹತ್ತಿದೆ. ನನ್ನ ಸ್ಪ್ಯಾನಿಷ್ ಮೂರು ತಿಂಗಳಿನದು. ಅವರ ಸ್ಪ್ಯಾನಿಷ್ ಕೂಡ ಶಾಲೆಯಲ್ಲಿ ಕಲಿತದ್ದೇ. ಇಬ್ಬರಿಗೂ ಪರಭಾಷೆಯಾದ್ದರಿಂದ ನಿಧಾನವಾಗಿ ಮಾತಾಡಿದೆವು, ಹಾಗಾಗಿ ಚೆನ್ನಾಗಿ ಅರ್ಥವಾಯಿತು.

*

ಕಾಡು ಮುಗಿಯುವ ಕಡೆ ಒಂದು ನೋಟದ ಕಟ್ಟೆ. ಎದುರಿಗೆ ಸಾಂತಾ ಮರಿಯಾ ಜ್ವಾಲಾಮುಖಿಯ ಚೂಪು ಶಿಖರ. ಅದರ ಒಂದು ಪಕ್ಕವನ್ನು ಯಾರೋ ಚಮಚದಿಂದ ತೋಡಿ ತೆಗೆದಂತೆ ದೊಡ್ಡ ಗುಂಡಿ. ಗುಂಡಿಯೊಳಗಿನ ಇನ್ನೊಂದು ಗುಡ್ಡದಿಂದ ಬೂದಿಯ ಹೊಗೆ ಪುಸ್ಸೆಂದು ಎದ್ದಿತು.

1902ರ ತನಕ ಸಾಂತಾ ಮರಿಯಾ ಸಿಡಿದ ದಾಖಲೆಯೇ ಇರಲಿಲ್ಲ. ಹಾಗಾಗಿ ಸಣ್ಣ ಸಣ್ಣ ಮುನ್ಸೂಚನೆ ಯಾರಿಗೂ ತಿಳಿಯಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಭೂಕಂಪವಾಗಿ ಶೇಲಾ ನಗರ ನೆಲಕಚ್ಚಿತು. ಅಕ್ಟೋಬರ್ 24ರಂದು ಬೆಟ್ಟ ಸಿಡಿಯಿತು. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಅದೂ ಒಂದು. ಸತ್ತವರು ಸಾವಿರಾರು ಮಂದಿ. ಗೈಡ್ ಹೇಳಿದರು: “ನಮ್ಮ ಅಜ್ಜನ ಅಪ್ಪ ಹೇಳುತ್ತಿದ್ದರಂತೆ, ಹಗಲಲ್ಲೇ ದೀಪ ಹಚ್ಚಿದರೂ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ ಅಂತ.” ಇಪ್ಪತ್ತು ವರ್ಷದ ನಂತರ, 1922ರಲ್ಲಿ, ಆ ಗುಂಡಿಯೊಳಗೆ ಹೊಸ ಗುಡ್ಡ ಬೆಳೆಯತೊಡಗಿತು. ಅದರ ಹೆಸರು ಸಾಂತಿಯಾಗೀತೋ. ನೂರು ವರ್ಷವಾದರೂ ಅದು ಉಗುಳುವುದನ್ನು ನಿಲ್ಲಿಸಿಲ್ಲ.

ಆಗ ದೇಶದ ಅಧ್ಯಕ್ಷನಾಗಿದ್ದವನು ಮಾನುವೆಲ್ ಎಸ್ತ್ರಾದಾ ಕಬ್ರೇರಾ, ಶೇಲಾದಲ್ಲೇ ಹುಟ್ಟಿದವನು. 1898ರಿಂದ 1920ರವರೆಗೆ ಗ್ವಾಟೆಮಾಲಾವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಸರ್ವಾಧಿಕಾರಿ. ವಿದ್ಯೆಯ ದೇವತೆ ಎಂದು ಮಿನರ್ವಾಗೆ ಊರೂರಲ್ಲಿ ಗ್ರೀಕ್ ಶೈಲಿಯ ಗುಡಿ ಕಟ್ಟಿಸಿ, ಪ್ರತಿ ಅಕ್ಟೋಬರ್ ಕೊನೆಯಲ್ಲಿ ಶಾಲಾಮಕ್ಕಳ ಉತ್ಸವ ಮಾಡಿಸುತ್ತಿದ್ದ. ಸಾಂತಾ ಮರಿಯಾ ಸಿಡಿದದ್ದೂ ಅಕ್ಟೋಬರ್ ಕೊನೆಯಲ್ಲೇ. ಹಬ್ಬ ಕೆಡಬಾರದೆಂದು ಸರ್ಕಾರ ಸುದ್ದಿಯನ್ನೇ ಮುಚ್ಚಿಟ್ಟಿತು ಎಂಬ ಮಾತು ಇಂದಿಗೂ ಪ್ರಚಲಿತ. ಬಸ್ ಸ್ಟ್ಯಾಂಡ್ ಪಕ್ಕದ ಆ ಗುಡಿಯ ಕಥೆ ಇದು. ಬೆಟ್ಟದ ಮೇಲಿನ ಸರೋವರಕ್ಕೆ ಯಾವ ಅಧ್ಯಕ್ಷನೂ ಕಂಬ ನಿಲ್ಲಿಸಿರಲಿಲ್ಲ. ಆದರೂ ಜನ ಹೋಗುತ್ತಿರುವುದು ಅಲ್ಲಿಗೆ.

*

ಸರೋವರಕ್ಕೆ ಇಳಿಯಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಇಳಿಯುತ್ತಾ ಇಳಿಯುತ್ತಾ ಸದ್ದು ಕಡಿಮೆಯಾಗುತ್ತದೆ. ಕೆಳಗೆ ಹಸಿರು ನೀರು, ಗಾಳಿಯೇ ಇಲ್ಲ. ದಡದ ಸುತ್ತ ಅಲ್ಲಲ್ಲಿ ಪೂಜೆಯ ಕಟ್ಟೆಗಳು, ಮರದ ಶಿಲುಬೆಗಳು, ಆರಿದ ಬೂದಿ. ನೀರಿನ ಅಂಚಿನಲ್ಲಿ ಸಾಲಾಗಿ ನೆಟ್ಟ ಹೂಗಳು ಬಾಡಿ ನಿಂತಿದ್ದವು. ನಾನು ಹೋದದ್ದು ಮೇ ತಿಂಗಳ ಕೊನೆಯಲ್ಲಿ, ಹಬ್ಬ ಮುಗಿದು ಒಂದು ವಾರವಾಗಿತ್ತು.

ಆ ಹಬ್ಬದ ದಿನ ಗೊತ್ತಾಗುವ ರೀತಿ ನೋಡಿ. ಈಸ್ಟರ್ ಆಗಿ ನಲವತ್ತನೇ ದಿನ, ಏಸು ಸ್ವರ್ಗಕ್ಕೆ ಏರಿದ ದಿನವೆಂದು ಚರ್ಚು ಆಚರಿಸುವ ಗುರುವಾರ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುವುದರಿಂದ ಈ ಗುರುವಾರ ಯಾವಾಗಲೂ ಏಪ್ರಿಲ್ 30ರಿಂದ ಜೂನ್ 3ರೊಳಗೇ ಬೀಳುತ್ತದೆ. ಗ್ವಾಟೆಮಾಲಾದ ಮಲೆನಾಡಿನಲ್ಲಿ ಮಳೆಗಾಲ ಶುರುವಾಗುವುದೂ ಮೇ ತಿಂಗಳಲ್ಲಿ. ಹೆಸರು ಚರ್ಚಿನದು. ಪ್ರಾರ್ಥನೆ ಮಾತ್ರ ಮಳೆಗಾಗಿ, ಮುಸುಕಿನ ಜೋಳದ ಬೆಳೆಗಾಗಿ. ಕೋಪಾಲ್ ಎಂಬ ಮರದ ಅಂಟನ್ನು ಧೂಪ ಹಾಕುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಹೂ ಇಡುತ್ತಾರೆ. ಶಿಲುಬೆ ಕೂಡ ಹಾಗೆಯೇ. ಸ್ಪ್ಯಾನಿಷರು ಬರುವ ಮೊದಲೇ ಮಾಯಾ ಜನರಿಗೆ ನಾಲ್ಕು ದಿಕ್ಕುಗಳ, ನಡುವೆ ನಿಂತ ವಿಶ್ವವೃಕ್ಷದ ಕಲ್ಪನೆ ಇತ್ತು. ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ, ನಡುವಿಗೆ ಹಸಿರು. ಪಾದ್ರಿಗಳು ಶಿಲುಬೆ ಕೊಟ್ಟಾಗ ಅದನ್ನು ತಮ್ಮ ಮರದ ಜಾಗದಲ್ಲಿ ನೆಟ್ಟುಕೊಂಡರು.

ಇದನ್ನು ‘ಜಾಣತನ’ ಎಂದು ಮೆಚ್ಚಿಕೊಂಡು ಮುಂದೆ ಹೋಗಿಬಿಡಬಹುದು. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಸ್ಪ್ಯಾನಿಷ್ ಸೈನ್ಯಕ್ಕಿಂತ ಮೊದಲೇ ಅವರು ತಂದ ರೋಗಗಳು ಈ ಬೆಟ್ಟಗಳಿಗೆ ಬಂದಿದ್ದವು. ಆ ಮಹಾಮಾರಿಯನ್ನು ಕಕ್ಚಿಕೆಲ್ ಎಂಬ ಇನ್ನೊಂದು ಮಾಯಾ ಜನಾಂಗದವರು ತಮ್ಮ ವೃತ್ತಾಂತದಲ್ಲಿ ಬರೆದಿಟ್ಟಿದ್ದಾರೆ. 1524ರಲ್ಲಿ ಕಿಚೆ ರಾಜ್ಯ ಬಿತ್ತು. ಮರುವರ್ಷ ಪೆದ್ರೋನ ಸಹೋದರ ಗೊನ್ಸಾಲೋ ದೆ ಅಲ್ವರಾದೋ ಮಾಮ್ ಜನರ ಮೇಲೆ ಬಂದ. ಮಾಮ್ ನಾಯಕ ಕೈಬಿಲ್ ಬಲಾಮ್ ತನ್ನ ಜನರೊಂದಿಗೆ ಸಾಕುಲೇವು ಕೋಟೆ ಸೇರಿಕೊಂಡ. ತಿಂಗಳುಗಟ್ಟಲೆ ಮುತ್ತಿಗೆ. ಕೋಟೆಯನ್ನು ಕತ್ತಿ ಗೆಲ್ಲಲಿಲ್ಲ, ಹಸಿವು ಗೆದ್ದಿತು. 1525ರ ಅಕ್ಟೋಬರ್‌ನಲ್ಲಿ ಕೈಬಿಲ್ ಬಲಾಮ್ ಶರಣಾದ.

ಆಮೇಲೆ ಬೆಟ್ಟಗಳಲ್ಲಿ ಚದುರಿ ಬದುಕಿದ್ದವರನ್ನು ಒಟ್ಟಿಗೆ ತಂದು, ಚರ್ಚಿನ ಸುತ್ತ ಊರು ಕಟ್ಟಿಸಿ ಕೂರಿಸಿದರು. ಸಂತರ ಹೆಸರಿನ ಊರುಗಳು ಹುಟ್ಟಿದ್ದು ಹೀಗೆ. ಪುಸ್ತಕಗಳನ್ನು ಸುಟ್ಟರು. ಯುಕತಾನಿನ ಮಾನಿ ಎಂಬಲ್ಲಿ 1562ರ ಜುಲೈನಲ್ಲಿ ಪಾದ್ರಿ ದಿಯೇಗೋ ದೆ ಲಾಂದಾ ಮಾಯಾ ಲಿಪಿಯ ಹೊತ್ತಗೆಗಳನ್ನು ಬೆಂಕಿಗೆ ಹಾಕಿಸಿದ. ಒಂದು ಇಡೀ ನಾಗರಿಕತೆಯ ಗ್ರಂಥಭಂಡಾರದಲ್ಲಿ ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಮೂರನ್ನು ಅವು ಈಗಿರುವ ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್ ನಗರಗಳ ಹೆಸರಿನಿಂದ ಕರೆಯುತ್ತಾರೆ, ನಾಲ್ಕನೆಯದು ಮೆಕ್ಸಿಕೋದಲ್ಲಿದೆ. ಕಿಚೆ ಜನರ ಸೃಷ್ಟಿಕಥೆ ‘ಪೊಪೊಲ್ ವೂಹ್’ ಉಳಿದದ್ದೂ ಕೂದಲೆಳೆಯಲ್ಲಿ. ಯಾರೋ ಕಿಚೆ ಹಿರಿಯರು ಅದನ್ನು ಹದಿನಾರನೇ ಶತಮಾನದಲ್ಲಿ ಲ್ಯಾಟಿನ್ ಅಕ್ಷರದಲ್ಲಿ ಬರೆದಿಟ್ಟರು. 1700ರ ನಂತರ ಫ್ರಾನ್ಸಿಸ್ಕೋ ಹಿಮೇನೆಸ್ ಎಂಬ ಪಾದ್ರಿ ಅದನ್ನು ನಕಲು ಮಾಡಿಕೊಂಡ. ಮೂಲ ಕಳೆದುಹೋಯಿತು. ಆ ಒಂದು ನಕಲು ಈಗ ಶಿಕಾಗೋದ ಗ್ರಂಥಾಲಯವೊಂದರಲ್ಲಿದೆ.

ಪುಸ್ತಕ ಹೋದರೂ ಹೋಗದೇ ಉಳಿದ ಒಂದು ವಸ್ತು ಇತ್ತು. ಅದು ದಿನಗಳ ಎಣಿಕೆ.

*

ಮಾಯಾ ಪಂಚಾಂಗ ನಮಗೆ ಕಷ್ಟವಲ್ಲ. ನಮ್ಮಲ್ಲಿ ವಾರ ಏಳು, ನಕ್ಷತ್ರ ಇಪ್ಪತ್ತೇಳು ಇರುವ ಹಾಗೆ ಅವರಲ್ಲಿ ಎರಡು ಚಕ್ರ. ಒಂದರಲ್ಲಿ 1ರಿಂದ 13ರವರೆಗೆ ಅಂಕಿ. ಇನ್ನೊಂದರಲ್ಲಿ ಇಪ್ಪತ್ತು ದಿನಗಳ ಹೆಸರು. ಎರಡೂ ದಿನಕ್ಕೆ ಒಂದೊಂದು ಹೆಜ್ಜೆ ತಿರುಗುತ್ತವೆ. 13 ಮತ್ತು 20ಕ್ಕೆ ಸಾಮಾನ್ಯ ಭಾಜಕವಿಲ್ಲ, ಹಾಗಾಗಿ ಅದೇ ಅಂಕಿ, ಅದೇ ಹೆಸರಿನ ಜೋಡಿ ಮತ್ತೆ ಬರಲು 260 ದಿನ ಬೇಕು. ಪಕ್ಕದಲ್ಲಿ 365 ದಿನಗಳ ಇನ್ನೊಂದು ಚಕ್ರ. ಮೂರೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬರಲು 18,980 ದಿನ, ಅಂದರೆ 52 ವರ್ಷ. ಅರವತ್ತು ಸಂವತ್ಸರದ ಲೆಕ್ಕ ಗೊತ್ತಿರುವವರಿಗೆ ಇದು ಹೊಸದೇನಲ್ಲ.

ಇನ್ನು 2012ರ ಗಲಾಟೆ. ಅದು ಮೂರನೆಯ ಲೆಕ್ಕ, ದೀರ್ಘ ಎಣಿಕೆ. 20 ದಿನಕ್ಕೆ ಒಂದು ತಿಂಗಳು, 18 ತಿಂಗಳಿಗೆ 360 ದಿನದ ಒಂದು ವರ್ಷ, ಅಲ್ಲಿಂದ ಮೇಲೆ ಇಪ್ಪತ್ತಿಪ್ಪತ್ತರ ಗುಣಾಕಾರ. 1,44,000 ದಿನಕ್ಕೆ ಒಂದು ಬಕ್ತುನ್. ಕ್ರಿಸ್ತಪೂರ್ವ 3114ರ ಆಗಸ್ಟ್‌ನಿಂದ ಎಣಿಸಿದರೆ 13 ಬಕ್ತುನ್ ತುಂಬುವುದು 2012ರ ಡಿಸೆಂಬರ್ 21ಕ್ಕೆ. ನಮ್ಮ ಸೀನಿಯರ್‌ಗಳು ವೈ-ಟು-ಕೆ ಎಂದು ನಿದ್ದೆ ಬಿಟ್ಟರಲ್ಲ, ಅಂಥದ್ದೇ ಒಂದು ಅಂಕಿ ತಿರುಗುವ ದಿನ. ಮರುದಿನ ಮೀಟರು ಇನ್ನೊಂದು ಮುಂದೆ ಹೋಯಿತು, ಅಷ್ಟೇ. ಲೋಕ ಮುಗಿಯುತ್ತದೆಂದು ಕೂಗಿದವರು ಮಾಯಾ ಜನರಲ್ಲ.

ದೀರ್ಘ ಎಣಿಕೆಯನ್ನು ಕಲ್ಲಿನ ಮೇಲೆ ಕೆತ್ತುವುದು ಹತ್ತನೇ ಶತಮಾನದ ಹೊತ್ತಿಗೆ ನಿಂತುಹೋಗಿತ್ತು. ಆದರೆ 260 ದಿನಗಳ ಎಣಿಕೆ ಗ್ವಾಟೆಮಾಲಾದ ಬೆಟ್ಟಗಳಲ್ಲಿ ನಿಲ್ಲಲಿಲ್ಲ. ಕಿಚೆ ಭಾಷೆಯಲ್ಲಿ ಅದನ್ನು ಲೆಕ್ಕ ಇಡುವವರಿಗೆ ‘ಅಹ್ ಕಿಹ್’ ಎನ್ನುತ್ತಾರೆ, ‘ದಿನದವರು’ ಎಂದು ಅರ್ಥ. ಮಗು ಹುಟ್ಟಿದ ದಿನ ಯಾವುದು, ಬಿತ್ತನೆಗೆ ಯಾವುದು ಒಳ್ಳೆಯದು, ಬೆಟ್ಟಕ್ಕೆ ಯಾವತ್ತು ಹೋಗಬೇಕು ಎಂದು ಹೇಳುವವರು ಅವರು. ಇಪ್ಪತ್ತನೇ ಶತಮಾನದಲ್ಲಿ ಮಾನವಶಾಸ್ತ್ರಜ್ಞರು ಬಂದು ನೋಡಿದಾಗ, ಬೇರೆ ಬೇರೆ ಊರಿನ ದಿನದವರು ಹೇಳಿದ ಎಣಿಕೆ ಒಂದಕ್ಕೊಂದು ತಾಳೆಯಾಯಿತು. ಸ್ಪ್ಯಾನಿಷರ ಕಾಲದ ಬರಹದಲ್ಲಿದ್ದ ದಿನಗಳ ಲೆಕ್ಕಕ್ಕೂ ಹೊಂದಿಕೊಂಡಿತು. ನಾನೂರು ವರ್ಷ, ಮುದ್ರಿತ ಕ್ಯಾಲೆಂಡರ್ ಇಲ್ಲದೆ, ಸರ್ವರ್ ಇಲ್ಲದೆ, ಬ್ಯಾಕಪ್ ಇಲ್ಲದೆ, ಒಂದು ದಿನವೂ ಜಾರದಂತೆ ಎಣಿಸಿಕೊಂಡು ಬಂದಿದ್ದರು. ಎರಡು ದೇಶದ ಟೈಮ್ ಝೋನ್ ವ್ಯತ್ಯಾಸದಲ್ಲಿ ಒಂದು ದಿನ ತಪ್ಪಿಸಿ ಕ್ಲೈಂಟಿನಿಂದ ಬೈಸಿಕೊಂಡ ಅನುಭವವಿರುವ ನನಗೆ ಇದರ ಕಷ್ಟ ಚೆನ್ನಾಗಿ ಗೊತ್ತು.

*

ಈ ಜನರಿಗೆ ಕಷ್ಟ ಸ್ಪ್ಯಾನಿಷರ ಜೊತೆಗೇ ಮುಗಿದಿದ್ದರೆ ಕಥೆ ಇಲ್ಲಿಗೆ ನಿಲ್ಲಿಸಬಹುದಿತ್ತು. 1821ರಲ್ಲಿ ಗ್ವಾಟೆಮಾಲಾ ಸ್ವತಂತ್ರವಾಯಿತು. 1870ರ ದಶಕದಲ್ಲಿ ಹುಸ್ತೋ ರುಫಿನೋ ಬಾರಿಯೋಸ್ ಅಧ್ಯಕ್ಷನಾದ ಮೇಲೆ ದೇಶ ಕಾಫಿಯ ಹಿಂದೆ ಬಿತ್ತು. ಚಿಕಬಾಲಿನ ಕೆಳಗೆ ಶಾಂತಸಾಗರದ ಕಡೆಗೆ ಇಳಿಯುವ ಇಳಿಜಾರಿಗೆ ಕೋಸ್ತಾ ಕೂಕಾ ಎಂದು ಹೆಸರು. ಬೆಟ್ಟದ ಮೇಲಿನ ಮಾಮ್ ಊರುಗಳವರು ಅಲ್ಲಿಗೆ ಇಳಿದು ಜೋಳ ಬೆಳೆದುಕೊಳ್ಳುತ್ತಿದ್ದರು. ಆ ನೆಲ ಕಾಫಿ ಎಸ್ಟೇಟಾಯಿತು. 1877ರ ಕಾನೂನು, ಎಸ್ಟೇಟಿನವರು ಕೇಳಿದಾಗ ಹಳ್ಳಿಗಳಿಂದ ಆಳು ಕಳಿಸುವುದನ್ನು ಕಡ್ಡಾಯ ಮಾಡಿತು. ತಮ್ಮದೇ ಆಗಿದ್ದ ನೆಲಕ್ಕೆ ಅವರು ಸಾಲದ ಕೂಲಿಗಳಾಗಿ ಇಳಿದರು. ಈ ಬಿಟ್ಟಿ ದುಡಿಮೆಯ ಕಾನೂನುಗಳು ರೂಪ ಬದಲಿಸುತ್ತಾ 1945ರ ತನಕ ನಡೆದವು.

ನಾನು ಸಕಲೇಶಪುರದ ಕಡೆಯವನು. ಕಾಫಿ ಹೂವಿನ ವಾಸನೆಯಲ್ಲಿ ಬೆಳೆದವನು. ಕಾಫಿ ಎಂದರೆ ನನಗೆ ಸಮೃದ್ಧಿಯ ನೆನಪು. ನಮ್ಮೂರಿನ ತೋಟಗಳ ಲೈನ್ ಮನೆಗಳಲ್ಲಿದ್ದವರ ನೆನಪು ಬೇರೆಯೇ ಇದ್ದೀತು ಎಂದು ಆ ಬೆಟ್ಟದ ಮೇಲೆ ನಿಂತಾಗ ಹೊಳೆಯಿತು. ಏಲಕ್ಕಿಯದು ಇನ್ನೊಂದು ಕಥೆ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ತೋಟಗಾರನೊಬ್ಬ ನಮ್ಮ ಕಡೆಯ ಏಲಕ್ಕಿಯನ್ನು ಗ್ವಾಟೆಮಾಲಾದ ಕೊಬಾನ್ ಪ್ರದೇಶಕ್ಕೆ ತಂದ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಅದೇ. ಬೆಳೆಯುವವರಲ್ಲಿ ಹೆಚ್ಚಿನವರು ಮಾಯಾ ರೈತರು, ತಿನ್ನುವವರು ಅರಬ್ ದೇಶದವರು. ಅಪ್ಪ ಏಲಕ್ಕಿ ರೇಟು ಬಿದ್ದಾಗಲೆಲ್ಲ ‘ಗ್ವಾಟೆಮಾಲಾ ಮಾಲು ಬಂತು’ ಎಂದು ಬೈಯುತ್ತಿದ್ದದ್ದು ನೆನಪಾಯಿತು. ಆ ದೇಶದ ಹೆಸರನ್ನು ನಾನು ಮೊದಲು ಕೇಳಿದ್ದೇ ಅಪ್ಪನ ಬೈಗುಳದಲ್ಲಿ.

1952ರಲ್ಲಿ ಅಧ್ಯಕ್ಷ ಹಕೋಬೋ ಅರ್ಬೆನ್ಸ್ ಪಾಳುಬಿಟ್ಟ ದೊಡ್ಡ ಜಮೀನುಗಳನ್ನು ಭೂಹೀನರಿಗೆ ಹಂಚುವ ಕಾನೂನು ತಂದ. ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿಯ ಜಮೀನೂ ಅದರಲ್ಲಿ ಹೋಯಿತು. 1954ರಲ್ಲಿ ಅಮೆರಿಕದ ಸಿಐಎ ನಡೆಸಿದ ಕ್ಷಿಪ್ರಕ್ರಾಂತಿಯಲ್ಲಿ ಅರ್ಬೆನ್ಸ್ ಪದಚ್ಯುತನಾದ. 1960ರಲ್ಲಿ ಅಂತರ್ಯುದ್ಧ ಶುರುವಾಗಿ 1996ರ ಡಿಸೆಂಬರ್ 29ರ ಒಪ್ಪಂದದವರೆಗೆ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಜನ ಮಾಯಾಗಳು. ಆಯೋಗ ದಾಖಲಿಸಿದ ಹಿಂಸೆಯಲ್ಲಿ ನೂರಕ್ಕೆ 93ರಷ್ಟು ಸರ್ಕಾರದ ಕಡೆಯವರದ್ದು. ಊರಿನ ಹಿರಿಯರನ್ನು ಹುಡುಕಿ ಕೊಂದದ್ದನ್ನೂ ವರದಿ ಹೇಳುತ್ತದೆ. ಎಣಿಸುವವರೇ ಇಲ್ಲದಿದ್ದರೆ ಎಣಿಕೆ ಎಲ್ಲಿಯದು?

ಇದರಲ್ಲಿ ನನ್ನನ್ನು ಇಂದಿಗೂ ಕಾಡುವುದು ಒಂದು ಹೆಸರು. 1970ರ ದಶಕದಲ್ಲಿ ಗ್ವಾಟೆಮಾಲಾ ಸೈನ್ಯ ಒಂದು ಕಮಾಂಡೋ ಪಡೆ ಕಟ್ಟಿ ‘ಕೈಬಿಲೆಸ್’ ಎಂದು ಹೆಸರಿಟ್ಟಿತು. ಸಾಕುಲೇವು ಕೋಟೆಯಲ್ಲಿ ಸ್ಪ್ಯಾನಿಷರ ಎದುರು ನಿಂತ ಮಾಮ್ ನಾಯಕ ಕೈಬಿಲ್ ಬಲಾಮನ ಹೆಸರು. 1982ರ ಡಿಸೆಂಬರ್‌ನಲ್ಲಿ ದೋಸ್ ಎರ್ರೆಸ್ ಎಂಬ ಊರಿನ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದು ಬಾವಿಗೆ ಹಾಕಿದ್ದು ಇದೇ ಪಡೆಯವರು. ಮಾಯಾ ಹಳ್ಳಿಗಳನ್ನು ಸುಟ್ಟ ಸೈನ್ಯಕ್ಕೆ ತನ್ನ ವೀರರಿಗೆ ಇಡಲು ಸಿಕ್ಕಿದ್ದು ಒಬ್ಬ ಮಾಯಾ ವೀರನ ಹೆಸರು. ಆ ಕೋಟೆಯ ಅವಶೇಷಗಳನ್ನು 1940ರ ದಶಕದಲ್ಲಿ ದುರಸ್ತಿ ಮಾಡಿ ಬಿಳಿ ಗಾರೆ ಬಳಿಸಿದ್ದು ಯಾರು ಗೊತ್ತೇ? ಅದೇ ಯುನೈಟೆಡ್ ಫ್ರೂಟ್ ಕಂಪನಿ. ಸತ್ತ ಮಾಯಾಗಳ ಮೇಲೆ ಎಲ್ಲರಿಗೂ ಗೌರವವಿತ್ತು.

ಗೈಡ್ ಹತ್ತಿರ ಯುದ್ಧದ ಬಗ್ಗೆ ಕೇಳಿದೆ. ಕೇಳಬಾರದಿತ್ತೇನೋ. ಅವರು ಸ್ವಲ್ಪ ಹೊತ್ತು ನೀರು ನೋಡಿದರು. “ಆಗ ಇಲ್ಲಿಗೆ ಬರುವವರು ಕಡಿಮೆ ಇದ್ದರು,” ಎಂದರು. ಮತ್ತೆ, “ಆದರೂ ಬರುತ್ತಿದ್ದರು,” ಎಂದರು. ಅಷ್ಟೇ.

*

ಮೆಟ್ಟಿಲು ಹತ್ತಿ ವಾಪಸ್ ನೋಟದ ಕಟ್ಟೆಗೆ ಬಂದಾಗ ಸಿಗ್ನಲ್ ಸಿಕ್ಕಿ ಫೋನ್ ಹೊಡೆದುಕೊಂಡಿತು. ಅಮ್ಮ. ಅಲ್ಲಿ ಬೆಳಿಗ್ಗೆ ಹತ್ತೂವರೆ, ಊರಲ್ಲಿ ರಾತ್ರಿ ಹತ್ತು.

“ಏನೋ, ತಿಂಡಿ ಆಯ್ತಾ? ಎಲ್ಲಿದೀಯ?”

“ಬೆಟ್ಟದ ಮೇಲಿದೀನಮ್ಮ.”

“ಅಲ್ಲಿಗೂ ಹೋಗಿ ಬೆಟ್ಟನೇ ಹತ್ತಿದ್ಯಾ? ಮಳೆ ಹಿಡೀತಾ ಅಲ್ಲಿ? ಇಲ್ಲಿ ಈ ಸಲ ಏನೂ ಸರಿ ಇಲ್ಲ ಕಣೋ, ಏಲಕ್ಕಿ ಎಲ್ಲ ಒಣಗ್ತಿದೆ.”

ಮಾತು ಮುಗಿಸಿದ ಮೇಲೆ ಗೈಡ್ ಕೇಳಿದರು, “ಇದು ಇಂಗ್ಲಿಷ್ ಅಲ್ಲ, ಅಲ್ಲವೇ?”

“ಅಲ್ಲ, ಕನ್ನಡ. ನಮ್ಮ ಅಮ್ಮ. ಮಳೆ ಬಂತಾ ಅಂತ ಕೇಳಿದರು.”

ಅವರು ಮೊದಲ ಸಲ ಜೋರಾಗಿ ನಕ್ಕರು. ಆಮೇಲೆ ಸಹಜವಾಗಿ ಕೇಳಿದರು, “ನಿಮ್ಮ ಮಕ್ಕಳೂ ಈ ಭಾಷೆ ಮಾತಾಡುತ್ತಾರಾ?”

ಪುಣೆಯಲ್ಲಿರುವ ನನ್ನ ಮಗಳಿಗೆ ಹದಿಮೂರು. ಮಾತಾಡುತ್ತಾಳೆ, ಅರ್ಧ ಮರಾಠಿ ಬೆರೆಸಿ. ಓದಲು ಬರುವುದಿಲ್ಲ. ಭಾನುವಾರ ನಮ್ಮ ಕಡೆಯವರೊಬ್ಬರು ಕನ್ನಡ ಅಕ್ಷರ ಕಲಿಸುತ್ತೇನೆಂದಾಗ, ಅವಳಿಗೆ ಕೋಡಿಂಗ್ ಕ್ಲಾಸ್ ಇದೆ ಎಂದು ಬೇಡ ಅಂದವನು ನಾನೇ. ಇದನ್ನೆಲ್ಲ ಸ್ಪ್ಯಾನಿಷಿನಲ್ಲಿ ಹೇಳಲು ಬರಲಿಲ್ಲ. “ಸ್ವಲ್ಪ,” ಎಂದೆ.

“ನನ್ನ ದೊಡ್ಡ ಮಗ ಅಮೆರಿಕದಲ್ಲಿದ್ದಾನೆ, ಓಕ್ಲೆಂಡಿನಲ್ಲಿ,” ಎಂದರು ಅವರು. “ಅಲ್ಲಿ ನಮ್ಮವರು ತುಂಬಾ ಜನ ಇದ್ದಾರೆ. ಮೊಮ್ಮಗಳು ಅಲ್ಲೇ ಹುಟ್ಟಿದ್ದು. ಫೋನಲ್ಲಿ ಮಾಮ್ ಮಾತಾಡಿದರೆ ನಗುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.”

ಆಮೇಲೆ ಹುಡುಕಿ ಓದಿದೆ. ಗ್ವಾಟೆಮಾಲಾದ 2018ರ ಜನಗಣತಿಯಲ್ಲಿ ತಾವು ಮಾಮ್ ಎಂದು ಬರೆಸಿದವರು 8 ಲಕ್ಷಕ್ಕೂ ಹೆಚ್ಚು. ಮಾಮ್ ಭಾಷೆಯಲ್ಲಿ ಮಾತು ಕಲಿತವರು ಸುಮಾರು 6 ಲಕ್ಷ. ಮಾಯಾ ಭಾಷೆಗಳಿಗೆಂದು 1990ರಲ್ಲಿ ಸರ್ಕಾರಿ ಅಕಾಡೆಮಿ ಬಂತು, 2003ರಲ್ಲಿ ಭಾಷಾ ಕಾನೂನು ಬಂತು. 22 ಮಾಯಾ ಭಾಷೆಗಳಿಗೆ ಮನ್ನಣೆ ಸಿಕ್ಕಿತು. ಆದರೂ ಎರಡು ಅಂಕಿಗಳ ನಡುವೆ 2 ಲಕ್ಷಕ್ಕೂ ಹೆಚ್ಚು ಜನರ ಅಂತರ. ಸೈನ್ಯದಿಂದ ಆಗದ ಕೆಲಸ ಬಸ್ ಟಿಕೆಟಿನಿಂದ, ಒಳ್ಳೆಯ ಶಾಲೆಯಿಂದ, ನಮ್ಮಂಥವರ ಒಳ್ಳೆಯ ಉದ್ದೇಶದಿಂದ ಆಗುತ್ತಿದೆ. ಕನ್ನಡಕ್ಕೆ ಕೋಟಿಗಟ್ಟಲೆ ಜನ ಇದ್ದಾರೆ, ನಮಗೇನು ಭಯ ಎನ್ನಬಹುದು. ನನ್ನ ಮನೆಯ ಜನಗಣತಿ ತೆಗೆದರೆ ಬೇರೆಯೇ ಕಾಣುತ್ತದೆ.

ನಾವು ಮಾತಾಡುತ್ತಿದ್ದಾಗಲೇ ಕಾಡಿನ ಅಂಚಿನಿಂದ ಮೋಡ ಇಳಿಯಿತು. ಮೊದಲು ಶಿಲುಬೆಗಳು ಹೋದವು, ಆಮೇಲೆ ಹೂಗಳು, ಆಮೇಲೆ ನೀರು. ಐದೇ ನಿಮಿಷದಲ್ಲಿ ಕೆಳಗೆ ಸರೋವರವಿದೆ ಎಂದು ಯಾರಾದರೂ ಹೇಳಿದರೂ ನಂಬುವಂತಿರಲಿಲ್ಲ. ಗೈಡ್ ಆಕಾಶ ನೋಡಿ, “ಸಂಜೆ ಬರುತ್ತದೆ,” ಎಂದರು. ಬಂತು. ಶೇಲಾಕ್ಕೆ ವಾಪಸಾಗುವ ಬಸ್ಸಿನ ಕ್ಯಾರಿಯರ್ ಮೇಲಿದ್ದ ನನ್ನ ಬ್ಯಾಗು ಪೂರ್ತಿ ನೆನೆಯಿತು.

ಪುಣೆಗೆ ಬಂದ ಮೇಲೆ ಒಂದು ರಾತ್ರಿ ಕೂತು 260 ದಿನದ ಎಣಿಕೆಗೆ ಪ್ರೋಗ್ರಾಂ ಬರೆದೆ. ನಲವತ್ತು ಸಾಲೂ ಆಗಲಿಲ್ಲ. ಯಾವ ತಾರೀಕು ಕೊಟ್ಟರೂ ಸರಿಯಾದ ದಿನ ಹೇಳುತ್ತದೆ. ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳು ತನ್ನ ಹುಟ್ಟಿದ ದಿನ ಹಾಕಿ ನೋಡಿದಳು. ಆಮೇಲೆ ಅಡುಗೆಮನೆಯ ಗೋಡೆಗೆ ಕೈ ತೋರಿಸಿ, “ಪಪ್ಪಾ, ಅಜ್ಜಿ ಕಳಿಸಿದ ಕ್ಯಾಲೆಂಡರಿನಲ್ಲಿ ಇವತ್ತು ಯಾವುದು?” ಎಂದು ಕೇಳಿದಳು. ಅಮ್ಮ ಪ್ರತಿ ಯುಗಾದಿಗೆ ಊರಿನಿಂದ ಕೊಟ್ಟುಕಳಿಸುವ ಕನ್ನಡ ಅಂಕಿಗಳ ಕ್ಯಾಲೆಂಡರ್. ವರ್ಷಗಳಿಂದ ಅಲ್ಲೇ ತೂಗುತ್ತಿತ್ತು, ಮಗಳ ಮಟ್ಟಿಗೆ ಅದೊಂದು ಚಿತ್ರ.

ಈಗ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅದರಲ್ಲಿ ಆ ದಿನದ ಅಂಕಿ, ವಾರ, ನಕ್ಷತ್ರ ಜೋರಾಗಿ ಓದಿ ಹೋಗಬೇಕೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ. ಭಾನುವಾರದ ಕೋಡಿಂಗ್ ಕ್ಲಾಸು ಶನಿವಾರಕ್ಕೆ ಹೋಗಿದೆ. ೬ ಮತ್ತು ೯ ಇನ್ನೂ ಅದಲು ಬದಲಾಗುತ್ತವೆ. ನಿನ್ನೆ ‘ಪುನರ್ವಸು’ ಎಂದು ತಡವರಿಸಿ ಓದಿ, “ಹಾಗಂದ್ರೆ ಏನು?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡಳು. ಅಜ್ಜಿ ಅರ್ಧ ಗಂಟೆ ಪುನರ್ವಸು ಮಳೆಯ ಬಗ್ಗೆ ಹೇಳಿದರು. ಸ್ಕೂಲ್ ಬಸ್ ತಪ್ಪಿತು.